ಮತ್ತ ಬರ್ತೀನಿ ಅಂದವರು

ಈ ಡಿಸೆಂಬರ್ ಮೂರನೇ ವಾರ ನಮ್ಮವು ಎರಡು ಕಾರ್ಯಕ್ರಮ ಇವೆ. ಶನಿವಾರ ಸಂಜೆ ಬೆಳಗಾವಿಯ ಕ್ಯಾಂಪಿನಲ್ಲಿ, ಒಂದು ದಿನ ಬಿಟ್ಟು ಸೋಮವಾರ ವಿಜಯಪುರದಲ್ಲಿ. ತಂತಿವಾದ್ಯದವರು ನಾವು 14 ಮಂದಿ, ಜೊತೆಗೊಂದು ಪೇಟಿ, ಅಂದರೆ ಹಾರ್ಮೋನಿಯಂ. ಅತಿಥಿಗಳು ಇಬ್ಬರು. ಒಬ್ಬರು ಮಡಗಾಂವದ ಹಿರಿಯರು, ಚೆಲ್ಲೋ (ವಯಲಿನ್ನಿನ ಜಾತಿಯದೇ, ಕೆಳಸ್ವರದ ದೊಡ್ಡ ವಾದ್ಯ) ನುಡಿಸುವವರು. ಇನ್ನೊಬ್ಬಳು ಇಲ್ಲೇ ಟಿಳಕವಾಡಿಯಲ್ಲಿ ಬೆಳೆದು ಈಗ ಬೆಂಗಳೂರಿನಲ್ಲಿರುವ ವಯಲಿನ್ ಹುಡುಗಿ. ಹಿರಿಯರು ಬರುತ್ತಿರುವುದು ನಾಲ್ಕನೇ ಸಲ, ಹುಡುಗಿ ಮೂರನೇ ಸಲ. ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರಿನ ಕೆಳಗೆ ಏನು ಹಾಕಲಿ ಅಂತ ಪ್ರೆಸ್ಸಿನವನು ಕೇಳಿದ. ‘ಮತ್ತೆ ಬಂದವರು’ ಅಂತ ಹಾಕು ಅಂದೆ. ಅವನ ಮನಸ್ಸು ಒಪ್ಪಲಿಲ್ಲ. “ಖ್ಯಾತ ಕಲಾವಿದರು ಅಂತ ಹಾಕೂಣ್ರಿ ಸರ, ಛಲೋ ಕಾಣತೈತಿ” ಅಂದ. ನಾನು ಬಿಡಲಿಲ್ಲ. ಒಂಬತ್ತು ವರ್ಷ ಈ ತಂಡ ನಡೆಸಿ ನಾನು ಕಲಿತದ್ದರಲ್ಲಿ ಅರ್ಧಪಾಲು, ಬಂದ ಅತಿಥಿಯನ್ನು ಎರಡನೇ ಸಲ ಬರಮಾಡಿಕೊಳ್ಳುವುದು ಹೇಗೆ ಅನ್ನುವುದೇ. ಬೇರೆ ಊರಲ್ಲಿ ಯಾರಾದರೂ ಇಂಥ ಸಣ್ಣ ತಂಡ ಕಟ್ಟುತ್ತಿದ್ದರೆ ಅವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಮುಂದಿನ ಕೀಬೋರ್ಡು, ಡ್ರಮ್ಸು, ಸಿನಿಮಾ ಹಾಡು. “ಹಾಡೋರು ಯಾರದಾರ್ರಿ?” ಅಂತ ಕೇಳಿದವರಿಗೆಲ್ಲ “ಹಾಡೋರು ಯಾರೂ ಇಲ್ಲರಿ, ಬರೇ ವಾದ್ಯ” ಅಂತ ಹೇಳಿ ಹೇಳಿ ಕೊನೆಗೆ ಬೇರೆ ದಾರಿ ಹಿಡಿದೆ. ನಮ್ಮದು ಚೇಂಬರ್ ಸಂಗೀತದ ತಂಡ. ಚೇಂಬರ್ ಅಂದರೆ ಕೋಣೆ. ಯುರೋಪಿನ ಅರಮನೆಗಳ, ದೊಡ್ಡ ಮನೆಗಳ ದಿವಾಣಖಾನೆಯಲ್ಲಿ ಮಗ್ಗುಲಿಗೇ ಕೂತು ಕೇಳಲಿ ಅಂತ ಬರೆದ ಸಂಗೀತ. ಇದಕ್ಕೆ ನಮ್ಮಲ್ಲಿ ಮೊದಲಿಂದಲೂ ಒಂದು ಶಬ್ದ ಇದೆಯಲ್ಲ, ಬೈಠಕ್. “ವಯಲಿನ್ನಿನ ಬೈಠಕ್ ಐತ್ರಿ, ಬರ್ರಿ” ಅಂದರೆ ಶಹಾಪುರ, ಖಡೇಬಜಾರಿನ ಹಳೇ ಕೇಳುಗರಿಗೆ ಬೇರೆ ವಿವರಣೆ ಬೇಕಿಲ್ಲ. ರಾಮಭಾವು ವಿಜಾಪುರೆಯವರ ಪೇಟಿ ಕೇಳಿದ ಊರು ಇದು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ. 1924ರ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಹಾಡಿದ್ದು ಇಲ್ಲಿಯೇ. ಇಂಥ ಊರಲ್ಲಿ ಕಿವಿಗೆ ಪಾಠ ಹೇಳಬೇಕಾದ್ದಿಲ್ಲ, ಕರೆಯುವ ಮಾತು ಸರಿ ಇದ್ದರೆ ಆಯಿತು.

ನಾನು ಕಲಿತದ್ದು ಹಿಂದುಸ್ತಾನಿ ವಯಲಿನ್. ನನ್ನ ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಚಾಪೆಯ ಮೇಲೆ ಕೂತು, ವಾದ್ಯದ ತಲೆಯನ್ನು ಪಾದಕ್ಕೆ ಆನಿಸಿ, ತಂತಿಗಳನ್ನು ಸ-ಪ-ಸ-ಪ ಸೇರಿಸಿ ನುಡಿಸುವ ಪದ್ಧತಿ. ಮೂವತ್ತು ದಾಟಿದ ಮೇಲೆ ಕ್ಯಾಂಪಿನಲ್ಲಿ ಒಬ್ಬ ನಿವೃತ್ತ ಸುಭೇದಾರರ ಪರಿಚಯ ಆಯಿತು. ಸೈನ್ಯದ ಬ್ಯಾಂಡಿನಲ್ಲಿದ್ದವರು, ಪಚಮಢಿಯ ಸೇನಾ ಸಂಗೀತ ವಿಭಾಗದಲ್ಲಿ ಐದು ಗೆರೆಯ ನೊಟೇಶನ್ ಕಲಿತವರು. ಮರಾಠಾ ಪಲ್ಟಣಿನ ಕೇಂದ್ರ ಈ ಊರಲ್ಲಿರುವುದರಿಂದ ಇಂಥವರು ನಮಗೆ ಸಿಗುತ್ತಾರೆ. ಅವರ ಅಡುಗೆಮನೆಯ ಟೇಬಲ್ಲಿನ ಮುಂದೆ ಎರಡು ವರ್ಷ ಕೂತು ಓದಲು ಕಲಿತೆ. ನಿಂತು, ಗದ್ದಕ್ಕೆ ವಾದ್ಯ ಸಿಕ್ಕಿಸಿ ನುಡಿಸುವುದು ಕೈಗೆ ಹತ್ತಲು ಇನ್ನೂ ಎರಡು ವರ್ಷ ಬೇಕಾಯಿತು. ಆಮೇಲೆ ನನ್ನ ನಾಲ್ಕು ವಿದ್ಯಾರ್ಥಿಗಳು, ಚರ್ಚಿನಲ್ಲಿ ನುಡಿಸುತ್ತಿದ್ದ ಇಬ್ಬರು, ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬ ಹೀಗೆ ಕೂಡಿತು ತಂಡ. ವಯೋಲಾ (ವಯಲಿನ್ನಿಗಿಂತ ಸ್ವಲ್ಪ ದೊಡ್ಡದು, ಸುರ ತಗ್ಗಿನದು) ಕೊಳ್ಳಲು ಹಣ ಇರಲಿಲ್ಲ. ಎರಡು ವಯಲಿನ್ನಿಗೆ ವಯೋಲಾ ತಂತಿ ಹಾಕಿಕೊಂಡು ಮೂರು ವರ್ಷ ಸಾಗಿಸಿದೆವು. ಧ್ವನಿ ಸ್ವಲ್ಪ ಮಂದ ಬರುತ್ತದೆ, ಆದರೆ ಕಲಿಯಲು ಸಾಕಾಗುತ್ತದೆ.

ಮಡಗಾಂವದ ಸರ್ ಮೊದಲ ಸಲ ಬಂದದ್ದು ಜುಲೈ ತಿಂಗಳಲ್ಲಿ. ಜುಲೈದಾಗ ಕರೆದದ್ದೇ ನನ್ನ ಮೊದಲ ತಪ್ಪು. ಕಣಕುಂಬಿ, ಚೋರ್ಲಾ ಘಾಟಿನ ಮಳೆ ಹೇಗಿರುತ್ತದೆ ಅಂತ ಗೊತ್ತಿದ್ದೂ ಸಭಾಗೃಹ ಖಾಲಿ ಇದೆ ಅಂತ ಆ ದಿನಾಂಕ ಹಿಡಿದೆ. ಮಧ್ಯಾಹ್ನ 12ಕ್ಕೆ ಬರಬೇಕಾದವರು ಬಂದದ್ದು 4 ಗಂಟೆಗೆ. ಕಾರ್ಯಕ್ರಮ 6:30ಕ್ಕೆ. ಅದರ ಮೇಲೆ ಹಿಂದಿನ ರಾತ್ರಿ ನಮ್ಮ ಚೆಲ್ಲೋ ಹುಡುಗ ಹೊಸ ತಂತಿ ಹಾಕೋಣ ಅಂತ ನಾಲ್ಕೂ ಹಳೇ ತಂತಿ ಒಮ್ಮೆಗೇ ಬಿಚ್ಚಿದ್ದ. ಚೆಲ್ಲೋದ ಹೊಟ್ಟೆಯೊಳಗೆ, ತಂತಿಗಳನ್ನು ಹೊರುವ ಕುದುರೆಯ ಒಂದು ಕಾಲಿನ ಹತ್ತಿರ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಒಂದು ಮರದ ಕಡ್ಡಿ ನಿಂತಿರುತ್ತದೆ. ಅದಕ್ಕೆ ಅಂಟು ಇಲ್ಲ, ಮೊಳೆ ಇಲ್ಲ, ತಂತಿಗಳ ಒತ್ತಡದಲ್ಲೇ ನಿಲ್ಲುವಂಥದ್ದು. ಎಲ್ಲ ತಂತಿ ಒಮ್ಮೆಗೇ ಸಡಿಲಾದರೆ ಬಿದ್ದುಬಿಡುತ್ತದೆ. ಇಟಾಲಿಯನ್ನರು ಅದನ್ನು ‘ಅನಿಮಾ’ ಅಂತಾರೆ, ಪ್ರಾಣ ಅಂತ. ಒಂದು ತಂತಿ ಬಿಚ್ಚು, ಒಂದು ಹಾಕು, ಆಮೇಲೆ ಮುಂದಿನದು — ಇಷ್ಟನ್ನು ಹುಡುಗನಿಗೆ ಹೇಳಿಕೊಡಬೇಕಾದವನು ನಾನು, ಹೇಳಿರಲಿಲ್ಲ. ಸರ್ ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕೂತು, ಬಗ್ಗಿಸಿದ ತಂತಿಯೊಂದನ್ನು ವಾದ್ಯದ ಸೀಳಿನಿಂದ ಒಳಗೆ ಬಿಟ್ಟು, ಟಾರ್ಚ್ ಹಿಡಿಸಿಕೊಂಡು ಆ ಕಡ್ಡಿ ನಿಲ್ಲಿಸಿದರು. ಇಪ್ಪತ್ತು ನಿಮಿಷ ಅದಕ್ಕೇ ಹೋಯಿತು. ತಂತಿ ಏರಿಸಿ ಸೇರಿಸುವುದೆಲ್ಲ ಮುಗಿದು ತಾಲೀಮಿಗೆ ಉಳಿದದ್ದು ಅರ್ಧ ತಾಸು.

ಆ ಸಂಜೆ ಕೆಟ್ಟಿತು. ಗಡಿಬಿಡಿಯಲ್ಲಿ ಲಯ ಓಡಿತು, ಎರಡನೇ ವಯಲಿನ್ನಿನವರು ಒಂದು ಕಡೆ ಪೂರ್ತಿ ದಾರಿ ತಪ್ಪಿದರು, ಸರ್ ಒಬ್ಬರೇ ಚೆಲ್ಲೋದಿಂದ ಎಲ್ಲರನ್ನೂ ಎಳೆದುಕೊಂಡು ದಡ ಮುಟ್ಟಿಸಿದರು. ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕೈ ಮುಗಿದು “ಮತ್ತ ಬರ್ತೀನಿ” ಅಂದರು. ಕೊಂಕಣಿ ಮನೆಮಾತಿನವರು, ಆ ಎರಡು ಶಬ್ದ ಕನ್ನಡದಲ್ಲಿ ಅಂದರು. ನಮ್ಮಲ್ಲಿ ಹೊರಡುವವರು ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅಂತಾರೆ. ಸರ್ ಆ ರೂಢಿ ನೋಡಿ ಹಾಗೆ ಅಂದರೋ, ನಿಜಕ್ಕೂ ಬರುವ ಮನಸ್ಸಿತ್ತೋ ನನಗೆ ತಿಳಿಯಲಿಲ್ಲ. ಬರಲಿಕ್ಕಿಲ್ಲ ಅಂತಲೇ ಅಂದುಕೊಂಡೆ.

ಹತ್ತು-ಹನ್ನೊಂದು ದಿನಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ದಪ್ಪ ಲಕೋಟೆ ಬಂತು. ನಾವು ನುಡಿಸಿದ ಎಲ್ಲದರ ಝೆರಾಕ್ಸು, 23 ಕಡೆ ಕೆಂಪು ಪೆನ್ಸಿಲ್ಲಿನ ಗುರುತು. ಎಲ್ಲೂ ‘ತಪ್ಪು’ ಅಂತ ಬರೆದಿರಲಿಲ್ಲ. ಕಮಾನು ಎಲ್ಲಿ ಮೇಲೆ ಎಲ್ಲಿ ಕೆಳಗೆ ಹೋಗಬೇಕು, ಯಾವ ಸ್ವರಕ್ಕೆ ಯಾರು ಯಾರ ಕಡೆ ನೋಡಬೇಕು, ಎಲ್ಲಿ ಉಸಿರು ತಗೋಬೇಕು ಅಂತ ಮಾತ್ರ. ಅವತ್ತೇ ಸಂಜೆ ಒಂದು ಉದ್ದನೆಯ ವಹಿ ತಂದೆ, ಕಿರಾಣಿ ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಅಂಥದ್ದು. ಒಂದೊಂದು ಗುರುತಿಗೆ ಒಂದೊಂದು ಸಾಲು: ಎಷ್ಟನೇ ಬಾರು (ಬರೆದ ಸಂಗೀತದಲ್ಲಿ ಗೆರೆ ಹಾಕಿ ಭಾಗಿಸಿದ ತುಂಡು), ಯಾರ ಕೆಲಸ, ಯಾವ ಭಾನುವಾರ ಸರಿಹೋಯಿತು. ಸರಿಹೋದದ್ದನ್ನು ನಾನೊಬ್ಬನೇ ಹೇಳುವಂತಿಲ್ಲ. ಪಕ್ಕದ ಕುರ್ಚಿಯವನು ಕೇಳಿ ಹೌದು ಅಂದರೆ ಮಾತ್ರ ಟಿಕ್ಕು. ಆರು ತಿಂಗಳಲ್ಲಿ 19 ಸಾಲಿಗೆ ಟಿಕ್ಕು ಬಿತ್ತು.

ಜನವರಿಯಲ್ಲಿ ಅವರು ನಿಜಕ್ಕೂ ಬಂದರು, ನಾಲ್ಕು ದಿನ ಮೊದಲೇ. ಬಂದ ಸಂಜೆ ತಮ್ಮ ಚೆಲ್ಲೋ ಪೆಟ್ಟಿಗೆಯಿಂದ ತೆಗೆಯಲಿಲ್ಲ. ಕುರ್ಚಿ ಎಳೆದುಕೊಂಡು ನಮ್ಮೆದುರು ಕೂತು, ಮೊದಲು ಕೇಳಿದ್ದೇ ನಾವು ದಾರಿ ತಪ್ಪಿದ್ದ ಆ ಜಾಗ. ನುಡಿಸಿದೆವು. ತಲೆ ಆಡಿಸಿದರು. ಟಿಕ್ಕು ಬೀಳದ ನಾಲ್ಕು ಸಾಲು ಯಾವುವು ಅಂತ ನಾನು ಹೇಳುವ ಮೊದಲೇ ಅದರಲ್ಲಿ ಮೂರನ್ನು ಅವರೇ ಹಿಡಿದರು. ಮೊದಲ ಸಲ ಬರುವವರಿಗೆ ನಮ್ಮ ಇವತ್ತು ಮಾತ್ರ ಕಾಣುತ್ತದೆ. ಎರಡನೇ ಸಲ ಬಂದವರಿಗೆ ನಡುವಿನ ಆರು ತಿಂಗಳೂ ಕಾಣುತ್ತದೆ, ಅದನ್ನು ಅವರಿಂದ ಮುಚ್ಚಿಡಲು ಆಗುವುದಿಲ್ಲ. ಇದು ಗೊತ್ತಾದ ಮೇಲೆ ನಮ್ಮ ಭಾನುವಾರದ ತಾಲೀಮಿಗೆ ಯಾರೂ ತಡವಾಗಿ ಬರಲಿಲ್ಲ.

ಆ ನಾಲ್ಕು ದಿನಗಳಲ್ಲಿ ಕಲಿತದ್ದು ಗಾಂಧಾರ, ಸ-ರಿ-ಗ-ಮದ ಗ. ಹಿಂದುಸ್ತಾನಿ ಕಲಿತವರಿಗೆ ನಾನು ಹೇಳುವುದು ಬೇಗ ಹೊಳೆಯುತ್ತದೆ. ವಯಲಿನ್ನಿನ ನಾಲ್ಕು ತಂತಿ ಜಿ, ಡಿ, ಎ, ಇ; ಒಂದರಿಂದ ಒಂದಕ್ಕೆ ಪಂಚಮ, ಅಂದರೆ ಸದಿಂದ ಪಕ್ಕೆ ಇರುವಷ್ಟು ಅಂತರ. ಚೆಲ್ಲೋದ ಕಡೆಯ ತಂತಿ ಸಿ. ಆ ಸಿಯಿಂದ ಶುದ್ಧ ಪಂಚಮಗಳನ್ನು ಒಂದರ ಮೇಲೊಂದು ನಾಲ್ಕು ಸಲ ಏರಿಸಿದರೆ ವಯಲಿನ್ನಿನ ಇ ತಂತಿಯ ಸ್ವರಕ್ಕೇ, ಒಂದು ಸಪ್ತಕ ಕೆಳಗೆ, ಬರುತ್ತೇವೆ. ಸಿಯನ್ನು ಷಡ್ಜ ಅಂತ ಹಿಡಿದರೆ ಇ ಅದರ ಗಾಂಧಾರ ಆಗಬೇಕು. ಆದರೆ ಹೀಗೆ ಏರಿ ಬಂದ ಗಾಂಧಾರ, ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕಿಂತ ಸುಮಾರು 22 ಸೆಂಟ್ ಮೇಲಿರುತ್ತದೆ. ಒಂದು ಅರ್ಧಸ್ವರಕ್ಕೆ 100 ಸೆಂಟ್ ಅನ್ನುವ ಲೆಕ್ಕದಲ್ಲಿ ಇದು ಸಣ್ಣದಲ್ಲ, ಎಂಥವರ ಕಿವಿಗೂ ಚುಚ್ಚುತ್ತದೆ. ನಮ್ಮ ತಂಡ ಸೇರಿ ನುಡಿಸಿದಾಗ ಏನೋ ಕರಕರ ಅನ್ನುತ್ತದೆ ಅಂತ ಎರಡು ವರ್ಷದಿಂದ ಅನ್ನಿಸುತ್ತಿತ್ತು. ಯಾರದೋ ಬೆರಳು ತಪ್ಪುತ್ತಿದೆ ಅಂತ ಹುಡುಗರನ್ನು ಬೈಯುತ್ತಿದ್ದೆ. ಬೆರಳು ತಪ್ಪಿರಲಿಲ್ಲ. ತಂತಿ ಸೇರಿಸುವಾಗಲೇ ಆ ಅಂತರ ಒಳಗೆ ಬಂದು ಕೂತಿತ್ತು.

ಸರ್ ಮಾಡಿದ್ದು ಎರಡು ಕೆಲಸ. ತಂತಿ ಸೇರಿಸುವಾಗ ಪಂಚಮಗಳನ್ನು ಕೂದಲೆಳೆಯಷ್ಟು ಕಿರಿದು ಮಾಡಿಸಿದರು. ಆಮೇಲೆ “ತಂಬೂರಿ ತರ್ರಿ” ಅಂದರು. ನನ್ನ ಗುರುಗಳಿಂದ ಬಂದ ಮಿರಜ ತಂಬೂರಿಯನ್ನು ಬಿಳಿ 5ಕ್ಕೆ (ಪೇಟಿಯ ಐದನೇ ಬಿಳಿ ಮನೆ, ಅಂದರೆ ಜಿ) ಸೇರಿಸಿ ಕೋಣೆಯ ನಡುವೆ ಇಟ್ಟೆವು. ಖರ್ಜದ (ಕೆಳ ಷಡ್ಜದ) ತಂತಿ ಮೀಟಿದರೆ ಅದರೊಳಗಿಂದ ಗಾಂಧಾರ ತಾನಾಗಿಯೇ ಏಳುತ್ತದೆ, ಮೂಲಸ್ವರವನ್ನೂ ಸೇರಿಸಿ ಎಣಿಸಿದರೆ ಅದು ಆ ತಂತಿಯ ಐದನೇ ಉಪಸ್ವರ. ಪಿಯಾನೋದ, ಪೇಟಿಯ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ ಇದ್ದರೆ ಇದು 386. ಒಬ್ಬೊಬ್ಬರೂ ಆ ತಂಬೂರಿಯ ಮುಂದೆ ಕೂತು ಜಿಯ ಮೇಲಿನ ಬಿಯನ್ನು ಅದಕ್ಕೆ ಹಚ್ಚಿದರು. ಹಚ್ಚಿದ ಗಳಿಗೆಯಲ್ಲಿ ಎರಡೂ ಕೂಡಿ ಒಂದೇ ಆಗಿ ಕೋಣೆ ತುಂಬುತ್ತದಲ್ಲ, ಆ ಅನುಭವ ನನಗೆ ಹತ್ತನೇ ವಯಸ್ಸಿನಿಂದ ಗೊತ್ತಿತ್ತು. ಆದರೆ ಐದು ಗೆರೆ ನೋಡಿ ನುಡಿಸುವಾಗ ಅದನ್ನು ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರುತ್ತಿದ್ದೆ. ಗುರುಗಳು ಕೊಟ್ಟ ಕಿವಿ ಇಲ್ಲೂ ಬೇಕು ಅಂತ ಹೇಳಿಕೊಡಲು ಗೋವೆಯಿಂದ ಒಬ್ಬರು ಬರಬೇಕಾಯಿತು. ಅಂದಿನಿಂದ ನಮ್ಮ ಪ್ರತಿ ತಾಲೀಮಿನ ಮೊದಲ ಕಾಲು ತಾಸು ತಂಬೂರಿಯದು.

ಈ ಸಲ ನುಡಿಸುವ ಮುಖ್ಯ ಕೃತಿ ಕೊರೆಲ್ಲಿಯದು, ಆರನೇ ಸಂಪುಟದ ಎಂಟನೇ ಕಂಚೆರ್ಟೊ. ಕ್ರಿಸ್‌ಮಸ್ ರಾತ್ರಿಗೆಂದು ಬರೆದದ್ದು. ಕೊರೆಲ್ಲಿ ತೀರಿಕೊಂಡ ಮರುವರ್ಷ, 1714ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅತಿಥಿಗಳು ಬರುವ ತಂಡಕ್ಕೆ ಇದಕ್ಕಿಂತ ಹೊಂದುವ ಕೃತಿ ನಾನು ಕಂಡಿಲ್ಲ. ಎರಡು ವಯಲಿನ್ ಒಂದು ಚೆಲ್ಲೋ ಸೇರಿ ಒಂದು ಸಣ್ಣ ಗುಂಪು, ಉಳಿದವರದು ದೊಡ್ಡ ಗುಂಪು. ಸಣ್ಣ ಗುಂಪು ಒಂದು ಮಾತು ಎತ್ತುತ್ತದೆ, ದೊಡ್ಡದು ಅದನ್ನು ಹಿಡಿದು ನಿಲ್ಲಿಸುತ್ತದೆ. ಭಜನೆಯಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವ ಹಾಗೆ. ದೊಡ್ಡ ಗುಂಪಿನ ಪಾಲು ಕಷ್ಟದ್ದಲ್ಲ, ಆದರೆ ಸುರ ಕೆಟ್ಟರೆ ಮುಚ್ಚಿಡಲು ಜಾಗ ಇಲ್ಲ.

ಇದಕ್ಕೆ ಕೆಳಗಿನ ಆಧಾರಸ್ವರದ ಜೊತೆ ಒಂದು ಕೀಲಿಮಣೆ ವಾದ್ಯ ಬೇಕು. ಹಾರ್ಪ್ಸಿಕಾರ್ಡ್ ನಮಗೆಲ್ಲಿ ಬರಬೇಕು? ಇರುವುದು ಪೇಟಿ. ಶಹಾಪುರದಲ್ಲಿ ಎಪ್ಪತ್ತು ದಾಟಿದ ಒಬ್ಬ ಪೇಟಿ ಮಾಸ್ತರು ಇದ್ದಾರೆ, ಗಾಯನಕ್ಕೆ ಸಾಥ್ ಕೊಟ್ಟು ಕೊಟ್ಟು ಕೈ ಪಳಗಿದವರು. ಅವರ ಮನೆಗೆ ಹೋಗಿ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು “ನನಗ ನಿಮ್ಮ ಗೆರಿ ಓದಾಕ ಬರೂದಿಲ್ಲಪಾ” ಅಂದರು. ಆ ಕಾಲದ ಕೃತಿಗಳಲ್ಲಿ ಕೀಲಿಮಣೆಯವರಿಗೆ ಪೂರ್ತಿ ಬರೆದುಕೊಡುವುದಿಲ್ಲ. ಕೆಳಸ್ವರ ಮಾತ್ರ ಇದ್ದು ಅದರ ಕೆಳಗೆ 6, 7, 5 ಅಂತ ಅಂಕೆಗಳಿರುತ್ತವೆ. ಆ ಅಂಕೆ ನೋಡಿ ಮೇಲಿನ ಸ್ವರಗಳನ್ನು ನುಡಿಸುವವರೇ ತುಂಬಬೇಕು. ನಾನು ಒಂದು ವಾರ ಕೂತು ಅದನ್ನೆಲ್ಲ ಸ-ರಿ-ಗ-ಮದಲ್ಲಿ ಬರೆದುಕೊಟ್ಟೆ. ಮಾಸ್ತರು ಅದನ್ನು ನೋಡಿ ಮೂರೇ ದಿನಕ್ಕೆ, “ಇದು ಸಾಥ್ ಐತಿ. ಹಾಡೋರು ಬದಲಾಗ್ಯಾರ, ಅಷ್ಟ” ಅಂದರು. ಎಡಗೈ ಭಾತೆಗೆ (ಗಾಳಿ ತುಂಬುವ ತಿದಿಗೆ) ಬೇಕು, ಉಳಿಯುವುದು ಬಲಗೈ ಒಂದೇ. ಅದು ಸಾಕು, ಕೆಳಸ್ವರ ಚೆಲ್ಲೋದವರು ನೋಡಿಕೊಳ್ಳುತ್ತಾರೆ.

ತೊಂದರೆ ಬಂದದ್ದು ಮತ್ತೆ ಗಾಂಧಾರದಲ್ಲೇ. ನಾವು ಕಷ್ಟಪಟ್ಟು ಗಾಂಧಾರ ಇಳಿಸಲು ಕಲಿತಿದ್ದೆವು, ಪೇಟಿಯ ಗಾಂಧಾರ 14 ಸೆಂಟ್ ಮೇಲೆಯೇ ನಿಂತಿತ್ತು. ಎರಡೂ ಸೇರಿದರೆ ಕೆಡುತ್ತದೆ. ಇದೇನು ಹೊಸ ಜಗಳವಲ್ಲ. ಪ್ಯಾರಿಸ್ಸಿನ ಡೆಬೈನ್ 1842ರಲ್ಲಿ ಪೇಟೆಂಟ್ ಪಡೆದ ವಾದ್ಯ ನಮ್ಮ ನಾಡಿಗೆ ಬಂದು ಕೈಭಾತೆಯ ಪೇಟಿಯಾದ ಮೇಲೆ ಶ್ರುತಿಯ ಬಗ್ಗೆ ಆಕ್ಷೇಪ ನಿಂತೇ ಇಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗೇ ಇಟ್ಟಿತ್ತು. ಪೇಟಿಯನ್ನೇ ಬದುಕು ಮಾಡಿಕೊಂಡ ವಿಜಾಪುರೆಯವರಂಥವರು ಆ ಇಡೀ ಕಾಲ ಅದನ್ನು ಕೈಬಿಡದೆ ಕಲಿಸಿದರು, ಅದಕ್ಕೇ ಇವತ್ತು ಬೆಳಗಾವಿಯ ಗಲ್ಲಿಯಲ್ಲಿ ಒಬ್ಬ ಮಾಸ್ತರು ನಮಗೆ ಸಿಕ್ಕರು. ಸರ್ ಮೂರನೇ ಸಲ ಬಂದಾಗ ಇದಕ್ಕೊಂದು ದಾರಿ ಹೇಳಿದರು: ಮಾಸ್ತರು ಗಾಂಧಾರ ಮುಟ್ಟುವುದೇ ಬೇಡ, ಷಡ್ಜ-ಪಂಚಮ ಮಾತ್ರ ಹಿಡಿಯಲಿ, ಗಾಂಧಾರ ತಂತಿಯವರಿಗೆ ಬಿಡಲಿ. ಹಾಗೆ ಮಾಡಿದ ಕೂಡಲೇ ಧ್ವನಿ ತಿಳಿಯಾಯಿತು. ಮಾಸ್ತರು ಒಪ್ಪಿದರು, ಆದರೆ ಮುಖದ ಮೇಲೆ ಸಂತೋಷ ಇರಲಿಲ್ಲ. ಅದನ್ನು ನಾನು ನೋಡಿದೆ, ಏನೂ ಅನ್ನಲಿಲ್ಲ.

ಬೆಂಗಳೂರಿನ ಹುಡುಗಿಯ ಕತೆ ಬೇರೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನನ್ನ ಹತ್ತಿರವೇ ಕಲಿತವಳು, ನನ್ನನ್ನು ಕಾಕಾ ಅಂತಾಳೆ. ಅತಿಥಿಯಾಗಿ ಮೊದಲ ಸಲ ಬಂದಾಗ ಒಬ್ಬಳೇ ಎದುರು ನಿಂತು ಬಹಳ ಚೆಂದ ನುಡಿಸಿದಳು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವಳು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋದ ಮೇಲೆ ನಮ್ಮ ಹುಡುಗರಲ್ಲಿ ಏನು ಉಳಿಯಿತು ಅಂತ ನೋಡಿದರೆ ಏನೂ ಉಳಿದಿರಲಿಲ್ಲ, ‘ಅಕ್ಕನಂಗ ನಮಗ ಬರೂದಿಲ್ಲ’ ಅನ್ನುವುದೊಂದು ಬಿಟ್ಟು. ಫೋನಿನಲ್ಲಿ ಅವಳಿಗೆ ಇದನ್ನು ಇದ್ದ ಹಾಗೆ ಹೇಳಿದೆ. ನೊಂದುಕೊಳ್ಳಬಹುದು ಅಂತ ಹೆದರಿಕೆ ಇತ್ತು. ಎರಡನೇ ಸಲ ಬಂದಾಗ ಅವಳು ನೇರ ಹೋಗಿ ಎರಡನೇ ವಯಲಿನ್ನಿನ ಕಟ್ಟಕಡೆಯ ಕುರ್ಚಿಯಲ್ಲಿ ಕೂತಳು. ಎರಡು ದಿನ ಅಲ್ಲಿಂದ ಏಳಲಿಲ್ಲ. ಹಿಂದಿನ ಸಾಲಿನವರಿಗೆ ಮುಂದಿನವರ ಕಮಾನು ಕಾಣುತ್ತಿಲ್ಲ, ಅದಕ್ಕೇ ತಡವಾಗುತ್ತಿದೆ ಅಂತ ಕಂಡುಹಿಡಿದವಳು ಅವಳೇ. ಕುರ್ಚಿಗಳನ್ನು ಒಂದೂವರೆ ಅಡಿ ಓರೆ ಮಾಡಿದೆವು. ಒಂಬತ್ತು ವರ್ಷದಲ್ಲಿ ಖರ್ಚಿಲ್ಲದೆ ಆದ ದೊಡ್ಡ ಸುಧಾರಣೆ ಅದು.

ಈ ಸಲ ಅವಳು ಬಾಖ್ ಬರೆದ ಎರಡು ವಯಲಿನ್ನಿನ ಕಂಚೆರ್ಟೊ ನುಡಿಸುತ್ತಾಳೆ, ಡಿ ಮೈನರಿನದು. ಜೊತೆಗೆ ನುಡಿಸುವವನು ಅನಗೋಳದ 17 ವರ್ಷದ ನನ್ನ ವಿದ್ಯಾರ್ಥಿ. ಮೊದಲನೇ ವಯಲಿನ್ ಅವಳದು, ಎರಡನೇದು ಇವನದು. ಇದನ್ನು ಕೇಳಿ ಹುಡುಗನ ತಂದೆ “ನಮ್ಮಾಂವ ಹಿಂದ ನಿಂದರಬೇಕೇನ್ರಿ ಸರ?” ಅಂತ ಕೇಳಿದರು. ಆ ಕೃತಿ ಹಾಗಿಲ್ಲ. ಮೊದಲ ಭಾಗದಲ್ಲೂ ನಿಧಾನದ ಎರಡನೇ ಭಾಗದಲ್ಲೂ ಮಾತು ಶುರುಮಾಡುವುದು ಎರಡನೇ ವಯಲಿನ್ನೇ. ಮೊದಲನೆಯದು ಕಾದು, ಕೇಳಿ, ಅದನ್ನೇ ಎತ್ತಿಕೊಂಡು ಬರುತ್ತದೆ. ಅಂದರೆ ಅವಳು ಇವನ ಮಾತಿಗೆ ಕಾಯಬೇಕು. ಅಭ್ಯಾಸ ಆಗಸ್ಟಿನಿಂದ ನಡೆದಿದೆ. ವಿಡಿಯೋ ಕರೆಯಲ್ಲಿ ಒಟ್ಟಿಗೆ ನುಡಿಸಲು ಆಗುವುದಿಲ್ಲ, ಧ್ವನಿ ಹೋಗಿ ಬರುವುದರಲ್ಲಿ ಲಯ ಮುರಿಯುತ್ತದೆ. ಅದಕ್ಕೆ ಪ್ರತಿ ಗುರುವಾರ ಅವನು ತನ್ನ ಭಾಗ ರೆಕಾರ್ಡ್ ಮಾಡಿ ಕಳಿಸುತ್ತಾನೆ, ಅವಳು ಅದರ ಮೇಲೆ ತನ್ನದನ್ನು ನುಡಿಸಿ ಭಾನುವಾರದ ತಾಲೀಮಿಗೆ ಮೊದಲು ವಾಪಸು ಕಳಿಸುತ್ತಾಳೆ. ಮೊದಲ ತಿಂಗಳು ಅವನು ಓಡುತ್ತಿದ್ದ. ಅವಳು ಬೈಯಲಿಲ್ಲ, ಅವನ ಓಟಕ್ಕೆ ಸರಿಯಾಗಿ ತಾನೂ ಓಡಿ ಕಳಿಸಿದಳು. ಕೇಳಿಸಿಕೊಂಡು ಅವನಿಗೇ ತಿಳಿಯಿತು.

ಇನ್ನು ವ್ಯವಸ್ಥೆಯ ಮಾತು. ಬಿದಾಗಿಯ (ಗೌರವಧನದ) ಪಾಕೀಟನ್ನು ಕಾರ್ಯಕ್ರಮ ಮುಗಿದ ಮೇಲೆ ಗದ್ದಲದಲ್ಲಿ ಕೈಗೆ ತುರುಕಬಾರದು. ಅತಿಥಿ ಬಂದ ದಿನವೇ, ಚಹಾ ಆದ ಮೇಲೆ, ಮನೆಯಲ್ಲಿ ಕೊಡಬೇಕು. ಪ್ರಯಾಣದ ಹಣ ಹೊರಡುವ ಮೊದಲೇ ಮುಟ್ಟಬೇಕು. ಒಪ್ಪಿದ್ದಕ್ಕಿಂತ ಕಡಿಮೆ ಕೂಡಿದ್ದರೆ ಒಂದು ವಾರ ಮೊದಲೇ ಹೇಳಬೇಕು, ನಾನು ಒಮ್ಮೆ ಹೇಳಿದ್ದೇನೆ, ಯಾರೂ ಬರುವುದು ಬಿಡಲಿಲ್ಲ. ಮೊದಲ ವರ್ಷ ಸರ್‌ನ್ನು ಲಾಡ್ಜಿನಲ್ಲಿ ಇಳಿಸಿದ್ದೆ. ರಾತ್ರಿ ಅಭ್ಯಾಸ ಮಾಡಲು ಪಕ್ಕದ ಕೋಣೆಯವರು ಬಿಡಲಿಲ್ಲವಂತೆ. ಈಗ ನಮ್ಮ ಮನೆಯ ಮಹಡಿ ಕೋಣೆ ಅವರದು, ತೋಳಿಲ್ಲದ ಗಟ್ಟಿ ಕುರ್ಚಿಯೊಂದು ಅಲ್ಲೇ ಇರುತ್ತದೆ. ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ, ಅದರ ಬಗ್ಗೆ ನನ್ನ ಹೆಂಡತಿಗೆ ಬಹಳ ಸಂಕೋಚ ಇತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಾಕಿ ಬಡಿಸಿದಳು. ಈಗ ಹೊರಡುವಾಗ ಆ ಚಟ್ನಿಪುಡಿಯ ಡಬ್ಬಿ ಕೇಳಿಯೇ ಒಯ್ಯುತ್ತಾರೆ, ಕುಂದಾ ಬೇಡ ಅಂತಾರೆ.

ಸಭಾಗೃಹದ್ದು ದೊಡ್ಡ ತಲೆನೋವು. ಒಮ್ಮೆ ಒಂದು ಕಡೆ ನಮ್ಮ ದಿನಾಂಕವನ್ನು ಕಾರ್ಯಕ್ರಮಕ್ಕೆ ಐದು ದಿನ ಇರುವಾಗ ಮದುವೆಗೆ ಕೊಟ್ಟುಬಿಟ್ಟರು. ಬಾಯಿಮಾತಿನಲ್ಲಿ ಒಪ್ಪಿಸಿಕೊಂಡಿದ್ದೆ, ರಸೀದಿ ಇರಲಿಲ್ಲ, ಜಗಳ ಮಾಡಲು ಕೈಯಲ್ಲಿ ಏನೂ ಉಳಿಯಲಿಲ್ಲ. ಈಗ ಕ್ಯಾಂಪಿನ ಶಾಲೆಯೊಂದರ ಹಳೇ ಹಾಲ್ ಹಿಡಿದಿದ್ದೇವೆ, ರಸೀದಿ ಫೈಲಿನಲ್ಲಿದೆ. ಎತ್ತರದ ಛತ್ತು, ಕಲ್ಲುಗೋಡೆ. ಮೈಕು ಬೇಕಿಲ್ಲ. ವೇದಿಕೆಯ ಮೇಲೆ ಕೂರುವುದಿಲ್ಲ ನಾವು, ಅಲ್ಲಿನ ದಪ್ಪ ಪರದೆ ಧ್ವನಿ ನುಂಗುತ್ತದೆ. ಕೆಳಗೆ ನೆಲದ ಮೇಲೆಯೇ ಕುರ್ಚಿ ಹಾಕಿಕೊಂಡು, ಜನ ಸುತ್ತ ಅರ್ಧ ಚಂದ್ರದಂತೆ ಕೂರುತ್ತಾರೆ. ಫ್ಯಾನು ಬಂದ್. ಹಾಳೆ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು, ಒಬ್ಬೊಬ್ಬರಿಗೆ ನಾಲ್ಕು.

ವಿಜಯಪುರಕ್ಕೆ ಹೋಗುತ್ತಿರುವುದು ಮೊದಲ ಸಲ. 200 ಕಿಲೋಮೀಟರ್ ಮೀರಿದ ದಾರಿ, ಭಾನುವಾರ ಮಧ್ಯಾಹ್ನವೇ ಹೊರಡುತ್ತೇವೆ. ನನಗೆ ಚಿಂತೆ ಇರುವುದು ದಾರಿಯದಲ್ಲ, ಹವೆಯದು. ಬೆಳಗಾವಿಯ ತೇವಕ್ಕೆ ಮರ ಉಬ್ಬಿ, ತಂತಿ ಸೇರಿಸಲು ತಿರುಗಿಸುವ ಕಿವಿಗಳು ಬಿಗಿಯಾಗುತ್ತವೆ, ತಿರುಗುವುದೇ ಇಲ್ಲ. ವಿಜಯಪುರದ ಡಿಸೆಂಬರಿನ ಒಣ ಚಳಿಗೆ ಅದೇ ಕಿವಿಗಳು ಸಡಿಲಾಗಿ ಜಾರುತ್ತವೆ. ಅಲ್ಲಿಗೆ ಮುಟ್ಟಿ ಒಂದು ರಾತ್ರಿ ವಾದ್ಯಗಳು ಆ ಹವೆಯಲ್ಲಿ ಮಲಗಬೇಕು, ಆಮೇಲೆಯೇ ಸೇರಿಸಬೇಕು. ಅದಕ್ಕೇ ನಡುವೆ ಒಂದು ದಿನ ಬಿಟ್ಟಿದ್ದು. ಗೋಳಗುಮ್ಮಟದಾಗ ಬಾರಸ್ರಲ್ಲಾ ಅಂತ ಒಬ್ಬರು ಸಲಹೆ ಕೊಟ್ಟರು. ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುವ ಜಾಗ ಅದು, ನಮ್ಮ ಒಂದು ಸ್ವರ ಮುಗಿಯುವ ಮೊದಲೇ ಹತ್ತು ಸ್ವರ ಬಂದು ಬೀಳುತ್ತವೆ. ಊರೊಳಗಿನ ಒಂದು ಸಣ್ಣ ಹಾಲ್ ಸಾಕು. ಆದರೆ ಆ ಊರಿಗೆ ಸಂಗೀತ ಒಯ್ಯುವುದಕ್ಕೆ ನನಗೆ ಬೇರೆಯದೇ ಸಂತೋಷ ಇದೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಅಕ್ಕರೆ ಮಾಡಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಊರು. ನಮ್ಮ ತಂಬೂರಿಯನ್ನೂ ಒಯ್ಯುತ್ತೇವೆ, ಕಾಲು ತಾಸಿನ ಅಭ್ಯಾಸವನ್ನು ಅಲ್ಲಿ ಜನರ ಎದುರೇ ಮಾಡೋಣ ಅಂದುಕೊಂಡಿದ್ದೇನೆ.

ಕಾರ್ಯಕ್ರಮ ಶುರುವಾಗುವುದು ಇಂಗ್ಲೆಂಡಿನ ಹೋಲ್ಸ್ಟ್ ಬರೆದ ಸೂಟ್‌ನಿಂದ, ಅಂದರೆ ಸಣ್ಣ ಸಣ್ಣ ಭಾಗಗಳ ಗುಚ್ಛದಿಂದ. ಲಂಡನ್ನಿನ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯಲ್ಲಿ 1905ರಿಂದ ಕೊನೆಯವರೆಗೂ ಸಂಗೀತ ಕಲಿಸಿದವರು, ಆ ಹುಡುಗಿಯರಿಗಾಗಿಯೇ ಬರೆದದ್ದು. ಋಗ್ವೇದದ ಸೂಕ್ತಗಳಿಗೆ ರಾಗ ಹಾಕಲೆಂದು ಸಂಸ್ಕೃತ ಕಲಿತ ಮನುಷ್ಯ. ಕಲಿಯುವವರ ಕೈ ಎಲ್ಲಿಯವರೆಗೆ ಹೋಗುತ್ತದೆ ಅಂತ ತಿಳಿದವರು ಬರೆದದ್ದಾದ್ದರಿಂದ ನಮ್ಮ ಹುಡುಗರಿಗೆ ಮೊದಲು ಮೈ ಬಿಸಿಯಾಗಲು ಒಳ್ಳೆಯದು.

ಚಪ್ಪಾಳೆಯ ಬಗ್ಗೆ ಒಂದು ಮಾತು. ಭಾಗಗಳ ನಡುವೆ ಚಪ್ಪಾಳೆ ಹೊಡೆಯಬಾರದು ಅಂತ ಮೊದಲ ವರ್ಷ ಕಾರ್ಯಕ್ರಮಪತ್ರದಲ್ಲಿ ಅಚ್ಚು ಹಾಕಿಸಿದ್ದೆ. ಜನ ಹೆದರಿ ಕೂತರು, ಕೊನೆಗೂ ಹೊಡೆಯಲಿಲ್ಲ. ಸರ್ ಅದನ್ನು ತೆಗೆಸಿದರು. ಈಗ ಚೆಂದದ ಜಾಗ ಬಂದರೆ ಮುಂದಿನ ಸಾಲಿನಿಂದ ‘ವಾಹ್’ ಅಂತ ಬರುತ್ತದೆ, ನುಡಿಸುವವರಿಗೆ ಅದರಿಂದ ಬಲ ಬರುತ್ತದೆ. ಕೊರೆಲ್ಲಿಯ ಕೊನೆಯ ಭಾಗ ಪಾಸ್ಟೊರಾಲೆ, ಕುರುಬರ ಹಾಡಿನ ಧಾಟಿಯದು; ಅದರಲ್ಲಿ ಮೂರು ಮೂರರ ನಡೆ ಇದೆ. ಹೋದ ಸಲ ಒಬ್ಬ ಅಜ್ಜ ತೊಡೆಯ ಮೇಲೆ ಆರು ಮಾತ್ರೆಯ ದಾದರಾ ತಾಳ ಹಾಕುತ್ತ ಕೂತಿದ್ದರು. ಒಂದು ಮಾತ್ರೆ ತಪ್ಪಲಿಲ್ಲ.

ಆ ಪಾಸ್ಟೊರಾಲೆಯ ಬಗ್ಗೆಯೇ ಕಳೆದ ಭಾನುವಾರ ಒಂದು ಸಂಗತಿ ಆಯಿತು. ತಾಲೀಮಿಗೆ ಪೇಟಿ ಮಾಸ್ತರು ಎರಡು ಪೇಟಿ ತಂದರು, ಆಟೋದಿಂದ ಮೊಮ್ಮಗ ಇಳಿಸಿಕೊಟ್ಟ. ಎರಡನೆಯದು ಅವರ ಹಳೇ ಪೇಟಿ, ಅಟ್ಟದ ಮೇಲಿದ್ದದ್ದು. ಯಾರಿಗೂ ಹೇಳದೆ ಎರಡು ತಿಂಗಳು ಅದರ ರೀಡುಗಳ ಮೇಲೆ ಕೂತಿದ್ದಾರೆ. ಹಿತ್ತಾಳೆಯ ನಾಲಗೆಯನ್ನು ತುದಿಯಲ್ಲಿ ಕೆರೆದರೆ ಸುರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಬಿಳಿ 5ನ್ನು ಷಡ್ಜ ಮಾಡಿಕೊಂಡು ಅದರ ಗಾಂಧಾರ, ಧೈವತ, ನಿಷಾದ ಮೂರನ್ನೂ ತಂಬೂರಿಗೆ ಹಚ್ಚಿ ಹಚ್ಚಿ ಇಳಿಸಿದ್ದಾರೆ. ಬೇರೆ ಷಡ್ಜದ ಯಾವ ಹಾಡಿಗೂ ಇನ್ನು ಆ ಪೇಟಿ ಬರುವುದಿಲ್ಲ. ಜಿ ಮೇಜರಿನ ಈ ಒಂದು ಭಾಗಕ್ಕೆ ಮಾತ್ರ. ನಾವು ಪಾಸ್ಟೊರಾಲೆ ಶುರುಮಾಡಿದೆವು. ಮಾಸ್ತರು ನಾಲ್ಕನೇ ಬಾರಿನಲ್ಲಿ ಗಾಂಧಾರದ ಮೇಲೆ ಬೆರಳಿಟ್ಟರು, ಪೂರ್ತಿ, ಹಿಡಿದೇ ಇಟ್ಟರು. ಹಿಂದಿನ ಸಾಲಿನ ವಯೋಲಾ ಹುಡುಗಿ ನುಡಿಸುತ್ತಲೇ ತಲೆ ಎತ್ತಿ ಅವರನ್ನು ನೋಡಿದಳು.

ಮುಗಿದ ಮೇಲೆ ಮಾಸ್ತರು ಪೇಟಿಗೆ ಬಟ್ಟೆ ಹೊದಿಸುತ್ತ, “ಗೋವಾದವರಿಗೆ ಫೋನಿನ್ಯಾಗ ಹೇಳಬ್ಯಾಡ್ರಿ. ಅವರು ಬಂದು ಕೂಡ್ರಲಿ, ಕೇಳಿಸೂಣು” ಅಂದರು. ಬುಧವಾರ ಸಂಜೆ 5ಕ್ಕೆ ಸರ್ ಬರುತ್ತಾರೆ. ವಹಿಯಲ್ಲಿ ಈ ಸಾಲಿಗೆ ಟಿಕ್ಕು ಹಾಕದೆ ಬಿಟ್ಟಿದ್ದೇನೆ, ಅವರೇ ಹಾಕಲಿ ಅಂತ.